ಗೋಡೆ ದಾಟುವ ಭೂತಕ್ಕೆ ಬಾಗಿಲಯ್ಯನ ಕಾನೂನು

ಬಾಗಿಲಯ್ಯನಿಗೆ ಜಗತ್ತಿನಲ್ಲಿ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಹಾಗೆಂದು ಅವನೇನು ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಶ್ರಮ ಬೇಕು, ಇವನಿಗೆ ಮೂಗು ಮುರಿಯುವುದರಲ್ಲೇ ಹೊತ್ತು ಹೋಗುತ್ತಿತ್ತು. ಬಾಗಿಲನ್ನು ಧಡ್ಡೆಂದು ಹಾಕುವವರು ಅವನ ಪಾಲಿಗೆ ಪಶುಗಳು. ಸದ್ದಾಗದಂತೆ ಹಾಕುವವರು ಕಳ್ಳರು. ಅರ್ಧ ಹಾಕಿ ಹೋಗುವವರು ಅಪ್ಪ ಅಮ್ಮನಿಂದ ಬುದ್ಧಿ ಹೇಳಿಸಿಕೊಳ್ಳದೆ ಬೆಳೆದವರು. ಈ ಮೂರು ಗುಂಪಿಗೂ ಸೇರದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ, ಅವನು ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ಸಿಗುತ್ತಿದ್ದ.

ನಿಜವಾದ ಹೆಸರು ಅಂಗಡಿಯ ಫಲಕದ ಮೇಲಿತ್ತು, ಅದನ್ನು ಓದಿದವರಿಲ್ಲ. ಮಾರುವುದು ಬಾಗಿಲು, ಹಾಗಾಗಿ ಬಾಗಿಲಯ್ಯ. ಟೈರ್ ಅಂಗಡಿಯ ಪಕ್ಕದ ಉದ್ದನೆಯ ಮಳಿಗೆಯಲ್ಲಿ ಬಾಗಿಲುಗಳು ಚೌಕಟ್ಟಿನ ಸಮೇತ ಸಾಲಾಗಿ ನಿಂತಿದ್ದವು. ಒಂದನ್ನು ತೆಗೆದರೆ ಆಚೆ ಇನ್ನೊಂದು. ಗೋಡೆಯ ತುಂಬ ಚಿಲಕ, ಕೀಲು, ಹಿಡಿಕೆ. ಯಾರಾದರೂ ಬಂದು ತೆಳ್ಳನೆಯ ಬಾಗಿಲು ಕೇಳಿದರೆ ಬಾಗಿಲಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಹಾಕಿಸೋ ಬದಲು ಒಂದು ಪರದೆ ಕಟ್ಕೊಳ್ಳಿ ಸ್ವಾಮಿ. ಬೆಕ್ಕು ಬಂದು ಒರಗಿಕೊಂಡ್ರೆ ಬಿದ್ದುಹೋಗುತ್ತೆ," ಎನ್ನುತ್ತಿದ್ದ. ಬಂದವರು ನಾಚಿಕೆಗೆ ದಪ್ಪ ಬಾಗಿಲನ್ನೇ ಕೊಂಡುಹೋಗುತ್ತಿದ್ದರು. ಹೀಗೆ ಕೊಂಕಿನಿಂದ ವ್ಯಾಪಾರ ನಡೆದದ್ದರಿಂದ ಕೊಂಕನ್ನೇ ಅವನು ಜ್ಞಾನವೆಂದು ತಿಳಿದುಬಿಟ್ಟ. ತಪ್ಪು ಅವನದೊಂದೇ ಅಲ್ಲ, ಬೈಸಿಕೊಂಡು ದುಡ್ಡು ಕೊಟ್ಟುಹೋದವರದೂ ಹೌದು.

ಮಗಳು ಶಾಲೆ ಮುಗಿದಾಗಿನಿಂದ ಅಂಗಡಿಯಲ್ಲೇ ಇದ್ದಳು. ಬಾಗಿಲು ಕೂರಿಸುವುದರಲ್ಲಿ ಅವಳ ಕೈ ಅಪ್ಪನ ಕೈಗಿಂತ ಚುರುಕು, ಆದರೆ ಇದನ್ನು ಅಪ್ಪನ ಬಾಯಿಂದ ಕೇಳಬೇಕೆಂದರೆ ಅವಳು ಇನ್ನೊಂದು ಜನ್ಮ ಎತ್ತಬೇಕಿತ್ತು. ಒಂದು ದಿನ ಗಿರಾಕಿಯೊಬ್ಬರ ಮನೆಯ ಬಚ್ಚಲಿಗೆ ಅವಳು ಹೊರಕ್ಕೆ ತೆರೆಯುವ ಬಾಗಿಲು ಕೂರಿಸಿದಳು. ಒಳಗೆ ಯಾರಾದರೂ ಜಾರಿ ಬಿದ್ದರೆ ಹೊರಗಿನಿಂದ ತೆಗೆಯಲು ಆಗಬೇಕಲ್ಲ ಎಂಬುದು ಅವಳ ಲೆಕ್ಕ. ಬಾಗಿಲಯ್ಯ ಬಂದು ನೋಡಿದ. ಮನೆಯವರೆಲ್ಲ ನಿಂತಿರುವಾಗಲೇ, "ಬಾಗಿಲು ಅಂದ್ರೆ ಒಳಗಡೆ ತೆರೀಬೇಕು. ಇದು ಬಾಗಿಲಲ್ಲ, ಬಂದೋರಿಗೆ ಕಪಾಳಮೋಕ್ಷ. ಇವಳ ತಲೇನೂ ಹೀಗೇ ನೋಡಿ, ಉಲ್ಟಾ ಕೂರಿಸಿದ್ದಾರೆ," ಎಂದು ನಕ್ಕ. ಮನೆಯವರೂ ಮುಲಾಜಿಗೆ ನಕ್ಕರು. ಮಗಳು ಸ್ಕ್ರೂಡ್ರೈವರನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದು ಹೋದಳು.

ಹೋದವಳು ತಿರುಗಿ ಬರಲಿಲ್ಲ. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಹಿಡಿದಳು, ಅದರ ಮೇಲಿನ ಕೋಣೆಯನ್ನೇ ಬಾಡಿಗೆಗೆ ಪಡೆದಳು. ಅಪ್ಪ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅಮ್ಮ ಮಾತ್ರ ಹೋಗಿ ಬರುತ್ತಿದ್ದಳು. ಬಂದಾಗಲೆಲ್ಲ ಬಾಗಿಲಯ್ಯ ಪೇಪರಿನ ಹಿಂದಿನಿಂದ, "ಏನಂತೆ?" ಎನ್ನುವುದು, ಹೆಂಡತಿ, "ಏನೂ ಇಲ್ಲವಂತೆ," ಎನ್ನುವುದು. ಹಾಗೆ ಒಂದು ಬೇಸಿಗೆ ಕಳೆಯಿತು. ಕೊನೆಗೆ ಹೆಂಡತಿಗೆ ರೇಗಿತು.

"ಅಷ್ಟು ಚಿಲಕ ಮಾರ್ತೀರಲ್ಲ, ನಿಮ್ಮ ನಾಲಿಗೆಗೆ ಹಾಕೋ ಅಂಥದ್ದು ಒಂದೂ ಇಲ್ವಾ ಅಂಗಡೀಲಿ?"

"ನಾನೇನಂದೆ ಅಂಥದ್ದು? ಇದ್ದಿದ್ದನ್ನ ಇದ್ದ ಹಾಗೆ ಅಂದೆ."

"ಎದ್ದು ಬಂದು ಎದೆಗೆ ಒದ್ದರಂತೆ," ಎಂದಳು ಹೆಂಡತಿ. ಗಾದೆಯ ಮೊದಲರ್ಧ ಅವನ ಬಾಯಿಂದಲೇ ಬಂದಿತ್ತು, ಉಳಿದರ್ಧ ತಾನು ಸೇರಿಸಿ ಅಷ್ಟಕ್ಕೇ ಬಿಟ್ಟಳು. ಆಮೇಲೆ ಸ್ವಲ್ಪ ತಣ್ಣಗಾಗಿ ಹೇಳಿದಳು: "ಭಾನುವಾರ ಮಧ್ಯಾಹ್ನ ಅವಳ ಕೋಣೇಲಿ ಅದೇನೋ ಆಟ ಆಡ್ತಾರೆ. ಒಬ್ಬರು ಕಮ್ಮಿ ಇದ್ದಾರಂತೆ. ನಿಮ್ಮನ್ನ ಕಳಿಸ್ಲಾ ಅಂದೆ. ಆಟಕ್ಕಾದ್ರೆ ಬರಲಿ, ಬೇರೆ ಮಾತು ಬೇಡ ಅಂದಳು."

ಬಾಗಿಲಯ್ಯ ಹೋದ. ಬೇರೆ ದಾರಿ ಇರಲಿಲ್ಲ.

ಆಟ ಏನೆಂದರೆ, ಮೇಜಿನ ಮೇಲೆ ಚೌಕುಳಿ ಕಾಗದದಲ್ಲಿ ಬರೆದ ಒಂದು ಕೋಟೆಯ ನಕ್ಷೆ. ಸುತ್ತ ಕೂತವರಿಗೆ ಒಂದೊಂದು ಪಾತ್ರ, ಪಾತ್ರಕ್ಕೊಂದು ಹೆಬ್ಬೆರಳುದ್ದದ ಬೊಂಬೆ. ಒಬ್ಬರು ಕಥೆ ನಡೆಸುತ್ತಾರೆ. ಎದುರಿಗೆ ಏನಿದೆ, ಯಾವ ರಾಕ್ಷಸ ಬಂತು ಎಂದು ಹೇಳುವುದು ಅವರ ಕೆಲಸ. ಉಳಿದವರು ಸರದಿ ಬಂದಾಗ ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು. ಇಲ್ಲಿ ಕಥೆ ನಡೆಸುವವಳು ಮಗಳು. ಆಡುವವರು ಒಬ್ಬ ನರ್ಸಮ್ಮ, ಒಬ್ಬ ಬಸ್ ಡ್ರೈವರ್. ದಿನವಿಡೀ ರೋಗಿಗಳ ಸೇವೆ ಮಾಡುವ ನರ್ಸಮ್ಮ ಆಟದಲ್ಲಿ ಗಂಟುಕಳ್ಳಿ. ಬಸ್ಸಿನಲ್ಲೇ ಬಾಳು ಸವೆಸಿದ ಡ್ರೈವರ್ ಎಲ್ಲಿಗಾದರೂ ನಡೆದೇ ಹೋಗುವ ಮಂತ್ರವಾದಿ. ದೊಡ್ಡವರಾದ ಮೇಲೂ ಬೊಂಬೆಯಾಟ ಬಿಡದ ದಂಡಪಿಂಡಗಳು ಎಂದು ಬಾಗಿಲಯ್ಯ ಮೊದಲ ದಿನವೇ ತೀರ್ಮಾನಿಸಿದ. ತೀರ್ಮಾನಿಸಿ, ತನಗೊಂದು ದ್ವಾರಪಾಲಕನ ಪಾತ್ರ ಮಾಡಿಕೊಂಡ. ದೊಡ್ಡ ಗುರಾಣಿ, ಮೈತುಂಬ ಕವಚ, ಯಾವ ಬಾಗಿಲಲ್ಲಿ ನಿಂತರೂ ಯಾರೂ ಒಳಗೆ ಬರದಂತೆ ತಡೆಯುವ ವಿದ್ಯೆ. ಬೇರೆ ಯಾವ ವಿದ್ಯೆಯೂ ಇಲ್ಲ.

ಆದರೆ ಅವನು ಬಂದದ್ದು ಆಟಕ್ಕಲ್ಲ. ಪ್ರತಿ ಸುತ್ತಿನಲ್ಲೂ ಸರದಿ ಅವನಿಗೆ ಬಂದಾಗ ಮಗಳು ನಕ್ಷೆಯಿಂದ ತಲೆ ಎತ್ತಿ ಅವನ ಮುಖವನ್ನೇ ನೋಡಿ, "ಈಗ ನೀವೇನು ಮಾಡ್ತೀರಿ?" ಎಂದು ಕೇಳಲೇಬೇಕಿತ್ತು. ಇಡೀ ವಾರದಲ್ಲಿ ಮಗಳ ಬಾಯಿಂದ ಅವನಿಗೆ ದಕ್ಕುತ್ತಿದ್ದದ್ದು ಈ ಒಂದು ಮಾತು. ಹೋಗುವಾಗ ಮೆಟ್ಟಿಲಲ್ಲಿ ನಿಂತು ಬೇರೇನಾದರೂ ಹೇಳಲು ಹೋದರೆ ಅವಳು ಒಳಗೆ ಲೋಟ ತೊಳೆಯುತ್ತಿರುತ್ತಿದ್ದಳು. ಆ ಒಂದು ಮಾತಿಗಾಗಿ ಬಾಗಿಲಯ್ಯ ಭಾನುವಾರದ ನಿದ್ದೆ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಸುಮ್ಮನೆ ಹೊತ್ತು ಹೋಗಲೆಂದು ಬರುತ್ತೇನೆ ಎನ್ನುತ್ತಿದ್ದ.

ಕೆಲವು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ದ್ವಾರಪಾಲಕ ಬಾಗಿಲಿಗೆ ಅಡ್ಡ ನಿಂತರೆ ರಾಕ್ಷಸರು ಹೊರಗೆ ಸಾಲುಗಟ್ಟಿ ನಿಲ್ಲಬೇಕಾಗುತ್ತಿತ್ತು. ಆಮೇಲೆ ಗೋಡೆನುಂಗ ಬಂತು. ಮಾಸಿದ ಬೆಡ್‌ಶೀಟಿನ ಬಣ್ಣದ, ಕಣ್ಣಿಲ್ಲದ ಒಂದು ಭೂತ. ದ್ವಾರಪಾಲಕ ನಿಂತಿದ್ದ ಬಾಗಿಲಿನ ಗೊಡವೆಗೇ ಹೋಗದೆ, ಪಕ್ಕದ ಗೋಡೆಯೊಳಗಿಂದ ಹಾದು ಬಂದು ಹಿಂದಿನಿಂದ ನರ್ಸಮ್ಮನ ಕಳ್ಳಿಯ ಭುಜ ಕಚ್ಚಿತು.

ಬಾಗಿಲಯ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಅವನ ಕುಲಕಸುಬಿಗೇ ಆದ ಅವಮಾನ ಅದು. "ಗೋಡೆಯಿಂದ ಬರೋ ಹಾಗಿದ್ರೆ ಬಾಗಿಲು ಯಾಕೆ ಬರೆದದ್ದು ನಕ್ಷೇಲಿ? ಚೆಂದಕ್ಕಾ?"

"ಅದು ಭೂತ ಯಜಮಾನ್ರೇ," ಎಂದ ಡ್ರೈವರ್.

"ಭೂತ ಆದ್ರೇನು? ಗೋಡೆ ಒಳಗೆ ತೂರೋ ಅಂಥದ್ದು ನೆಲದೊಳಗೆ ಯಾಕೆ ಕುಸಿಯಲ್ಲ? ಕಾಲ ಕೆಳಗಿನ ಕಲ್ಲು ಬೇರೆ, ಗೋಡೆ ಕಲ್ಲು ಬೇರೆಯಾ? ಗೋಡೆ ಒಳಗಿಂದ ಅದಕ್ಕೆ ನಾವು ಎಲ್ಲಿದ್ದೀವಿ ಅಂತ ಹೇಗೆ ಕಾಣುತ್ತೆ?"

ಮಗಳು ತಾಳ್ಮೆಯಿಂದ ಹೇಳಿದಳು. ಆಟದ ಪುಸ್ತಕದಲ್ಲಿ ಇದಕ್ಕೆಲ್ಲ ನಿಯಮವಿದೆ. ಗೋಡೆಯೊಳಗೆ ಅದರ ನಡಿಗೆ ಅರ್ಧಕ್ಕಿಳಿಯುತ್ತದೆ. ಅದರ ಸರದಿ ಮುಗಿಯುವ ಹೊತ್ತಿಗೆ ಇನ್ನೂ ಗೋಡೆಯೊಳಗೇ ಇದ್ದರೆ ಅದಕ್ಕೆ ಗಾಯವಾಗುತ್ತದೆ, ಗೋಡೆ ಅದನ್ನು ಹೊರಕ್ಕೆ ಉಗಿಯುತ್ತದೆ. ಅಷ್ಟೇ.

"ಅಷ್ಟೇನಾ? ಬರೀ ಗಾಯ?" ಎಂದು ಬಾಗಿಲಯ್ಯ ಪುಸ್ತಕ ಬರೆದವರ ಮೇಲೂ ಮೂಗು ಮುರಿದ. ಅವರು ಜನ್ಮದಲ್ಲಿ ಒಂದು ಗೋಡೆ ಕಟ್ಟಿಸಿರಲಿಕ್ಕಿಲ್ಲ ಎಂದ.

ಆ ಮೇಜಿಗೆ ಒಂದು ಪದ್ಧತಿಯಿತ್ತು. ಆಡುವವರು ಯಾರು ಬೇಕಾದರೂ ಹೊಸ ನಿಯಮ ಹೇಳಬಹುದು. ಉಳಿದವರು ಕೈ ಎತ್ತಿದರೆ ಅದು ನಿಯಮ. ಆಮೇಲೆ ಅದು ರಾಕ್ಷಸನಿಗೂ ಒಂದೇ, ಮನುಷ್ಯನಿಗೂ ಒಂದೇ, ಯಾರ ಮುಲಾಜೂ ಇಲ್ಲ. ತೆಗೆದುಹಾಕಬೇಕೆಂದರೆ ಹೇಳಿದವರೇ ಎಲ್ಲರ ಮುಂದೆ "ನನ್ನ ನಿಯಮ ತಪ್ಪು" ಎಂದು ಹಿಂದಕ್ಕೆ ಪಡೆಯಬೇಕು. ಹೊಸಬರು ಹುಚ್ಚುಚ್ಚಾಗಿ ಬಾಯಿ ಹಾಕದಿರಲಿ ಎಂದು ಮಗಳೇ ಮಾಡಿದ ಪದ್ಧತಿ. ಬಾಗಿಲಯ್ಯನಂಥವನು ಬರುತ್ತಾನೆಂದು ಅವಳು ಎಣಿಸಿರಲಿಲ್ಲ.

ಅಲ್ಲಿಂದ ಅವನಿಗೆ ಅದೇ ಕಸುಬಾಯಿತು. ಅಂಗಡಿಯಲ್ಲಿ ಗಿರಾಕಿ ಬಂದು ಕೀಲು ಕೇಳಿದರೆ ಚಿಲಕ ಕೊಡುತ್ತಿದ್ದ. ಮನಸ್ಸೆಲ್ಲ ಭೂತದ ಕಾಲಿಗೆ ಹೊಸ ಕುಣಿಕೆ ಹೆಣೆಯುವುದರಲ್ಲಿ. ಒಂದು ಭಾನುವಾರ, ಗೋಡೆ ದಾಟುವವರು ಕೈಯಲ್ಲಿ ಏನನ್ನೂ ಹಿಡಿದಿರಕೂಡದು ಎಂದ. ಮುಂದಿನ ಭಾನುವಾರ, ಗೋಡೆಯೊಳಗೆ ಹೊಕ್ಕಮೇಲೆ ಹಿಂದಕ್ಕೆ ತಿರುಗುವಂತಿಲ್ಲ ಎಂದ. ಗಾಯಗೀಯದ ಮಾತೆಲ್ಲ ಬೇಡ, ಸರದಿ ಮುಗಿದಾಗ ಗೋಡೆಯೊಳಗಿದ್ದದ್ದು ಅಲ್ಲಿಗೇ ನಾಶ ಎಂದ. ಅದಕ್ಕೂ ಸಮಾಧಾನವಾಗದೆ, ಸತ್ತ ಭೂತವನ್ನೇ ಇನ್ನೊಂದು ಹೆಸರಿಟ್ಟು ಮಗಳು ಕರೆತಂದಾಳೆಂಬ ಗುಮಾನಿಗೆ, ಹಾಗೆ ನಾಶವಾದವರು ಮತ್ತೆ ಯಾವ ರೂಪದಲ್ಲೂ ಈ ಆಟಕ್ಕೆ ಬರುವಂತಿಲ್ಲ ಎಂದೂ ಸೇರಿಸಿದ. ಒಂದೊಂದಕ್ಕೂ ಅವನ ಭಾಷಣ ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ನರ್ಸಮ್ಮನೂ ಡ್ರೈವರೂ ಇವನ ಬಾಯಿ ನಿಂತರೆ ಸಾಕೆಂದು ಎರಡೂ ಕೈ ಎತ್ತುತ್ತಿದ್ದರು. ಬಾಗಿಲಯ್ಯ ಅದನ್ನು ತನ್ನ ವಿದ್ವತ್ತಿಗೆ ಸಿಕ್ಕ ಮರ್ಯಾದೆ ಎಂದುಕೊಂಡ.

ಎತ್ತಿದ ಕೈಗಳಿಗೂ ಒಂದು ಮಿತಿಯಿರುತ್ತದೆ. ಒಂದು ಭಾನುವಾರ ಆಟ ಮುಗಿದ ಮೇಲೆ ಇಬ್ಬರೂ ಹಿಂದುಳಿದು ಮಗಳೊಂದಿಗೆ ಏನೋ ಮಾತಾಡಿದರು. ಮುಂದಿನ ವಾರ ಬಾಗಿಲಯ್ಯ ಮೆಟ್ಟಿಲು ಹತ್ತುವಾಗ ಮಗಳು ಅರ್ಧ ದಾರಿಗೆ ಇಳಿದು ಬಂದು ನಿಂತಿದ್ದಳು. ಮಾತಾಡಿಸಲು ಬಂದಳೆಂದು ಅವನ ಮುಖ ಅರಳಿತು.

"ಇನ್ನೊಂದು ಸಲ ನಿಮ್ಮ ಜಗಳದಿಂದ ಆಟ ನಿಂತ್ರೆ ನಿಮ್ಮ ಕುರ್ಚಿ ಇರಲ್ಲ," ಎಂದಳು. "ಅವರಿಬ್ಬರೂ ವಾರವೆಲ್ಲ ದುಡಿದು ಇಲ್ಲಿಗೆ ನಗೋಕೆ ಬರ್ತಾರೆ. ಪಾಠ ಕೇಳೋಕಲ್ಲ."

"ನಾನು ಆಟಾನ ಸರಿ ಮಾಡ್ತಿದ್ದೀನಿ."

"ಅದನ್ನ ನಿಮಗೆ ಯಾರು ಹೇಳಿದ್ರು?" ಎಂದು ಕೇಳಿ ಅವಳು ಮೇಲೆ ಹೋದಳು. ಬಾಗಿಲಯ್ಯ ಕಂಬಿ ಹಿಡಿದು ನಿಂತ. ಕುರ್ಚಿ ಹೋದರೆ ಭಾನುವಾರ ಹೋಯಿತು, ಭಾನುವಾರ ಹೋದರೆ ಮಗಳು ಹೋದಳು. ಇಷ್ಟು ಅವನಿಗೂ ತಿಳಿಯಿತು. ಹೆದರಿಕೆಯಾಯಿತು. ಇವತ್ತು ಬಾಯಿ ಬಿಡುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಂಡು ಒಳಗೆ ಹೋದ.

ಅಂದು ಮೂವರೂ ಕೋಟೆಯ ನೆಲಮಾಳಿಗೆಗೆ ಇಳಿದಿದ್ದರು. ರಾತ್ರಿ ಉಳಿಯಲು ಒಂದು ಕೋಣೆ ಸಿಕ್ಕಿತು, ಅದಕ್ಕೆ ಬಾಗಿಲಿಲ್ಲ. ಬಿದ್ದಿದ್ದ ಹಲಗೆಗಳಿಂದ ದ್ವಾರಪಾಲಕನೇ ಬಾಗಿಲು ಮಾಡಿ ಕೂರಿಸಿದ.

"ಯಾವ ಕಡೆ ತೆರೆಯುತ್ತೆ?" ಎಂದು ಮಗಳು ಕೇಳಿದಳು. ನಕ್ಷೆಯಲ್ಲಿ ಬರೆದುಕೊಳ್ಳಲು ಪೆನ್ಸಿಲ್ ಹಿಡಿದಿದ್ದಳು.

"ಒಳಗಡೆ. ಬಾಗಿಲು ಅಂದ್ರೆ ಒಳಗಡೇನೇ," ಎಂದ ಬಾಗಿಲಯ್ಯ. ಹೇಳುವಾಗ ಆ ಬಚ್ಚಲಮನೆಯ ಬಾಗಿಲು ಅವನಿಗೆ ನೆನಪಾಗಲೇ ಇಲ್ಲ. ಮಗಳಿಗೆ ನೆನಪಾಯಿತು. ಪೆನ್ಸಿಲ್ ಸ್ವಲ್ಪ ಹೊತ್ತು ಕಾಗದದ ಮೇಲೆ ನಿಂತು ಆಮೇಲೆ ಗೆರೆ ಎಳೆಯಿತು.

ಮಧ್ಯರಾತ್ರಿ, ಅಂದರೆ ಆಟದ ಮಧ್ಯರಾತ್ರಿ, ಕೋಣೆಯ ಮೂಲೆಯ ತೂಬು ಒಡೆದು ನೀರು ನುಗ್ಗಿತು. ಮೊಣಕಾಲು, ಸೊಂಟ, ಎದೆ. ದ್ವಾರಪಾಲಕ ಬಾಗಿಲು ಎಳೆದ. ಒಳಗಡೆ ತೆರೆಯುವ ಬಾಗಿಲು, ಅದರ ಮೈಗೆ ಕೋಣೆ ತುಂಬ ನೀರು ಒತ್ತಿ ನಿಂತಿದೆ, ಅಲುಗಾಡುವುದೆಲ್ಲಿಂದ ಬಂತು? ಕಳ್ಳಿಯೂ ಮಂತ್ರವಾದಿಯೂ ಮೇಲಿನ ಗವಾಕ್ಷಿಯಿಂದ ಹಗ್ಗ ಹಿಡಿದು ಪಕ್ಕದ ಕೋಣೆಗೆ ಪಾರಾದರು. "ಬನ್ನಿ ಯಜಮಾನ್ರೇ, ಹಗ್ಗ ಹಿಡೀರಿ!" ಎಂದು ಡ್ರೈವರ್ ಕೂಗಿದ. ಬಾಗಿಲಯ್ಯ ಬಾಗಿಲು ಬಿಡಲಿಲ್ಲ. ತಾನು ಕೂರಿಸಿದ ಬಾಗಿಲು ತನಗೇ ತೆರೆಯುವುದಿಲ್ಲವೆಂದರೆ ಏನರ್ಥ ಎಂದು ಮೂರು ಸರದಿ ಎಳೆದ. ಕವಚದ ಭಾರಕ್ಕೆ ಮುಳುಗಿ ಸತ್ತ.

ಸತ್ತವರು ಬೇರೆ ಪಾತ್ರ ಮಾಡಿಕೊಂಡು ಬರಬೇಕೆಂದರೆ ಈ ಕೋಟೆಯ ಕಥೆ ಮುಗಿಯುವವರೆಗೆ ಕಾಯಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಇಲ್ಲವಾದರೆ ಇವತ್ತಿನಿಂದಲೇ ಪ್ರೇತವಾಗಿ ಆಡಬಹುದು. ಮಗಳು ಎರಡನ್ನೂ ಹೇಳಿ, "ಯಾವುದು?" ಎಂದಳು. ವಾರಗಟ್ಟಲೆ ಮಗಳ ಮುಖ ನೋಡದೆ ಇರುವುದು ಹೇಗೆ? "ಪ್ರೇತ," ಎಂದ ಬಾಗಿಲಯ್ಯ, ತಟ್ಟನೆ.

ಡ್ರೈವರ್ ಮೊದಲು ನಕ್ಕ. ಆಮೇಲೆ ನರ್ಸಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಬಾಗಿಲಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರೇತವೆಂದರೆ ಬಾಗಿಲು ತೆಗೆಯಲಾರದು, ಹಗ್ಗ ಹಿಡಿಯಲಾರದು, ಹೋಗಬೇಕಾದರೆ ಗೋಡೆಯೊಳಗಿಂದಲೇ ಹೋಗಬೇಕು. ಗೋಡೆನುಂಗನಿಗೆಂದು ಅವನು ಹೊಸೆದ ಅಷ್ಟೂ ಹಗ್ಗ ಈಗ ಅವನ ಕುತ್ತಿಗೆಗೇ ಬಂದು ಬಿದ್ದಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಆ ಮೇಜಿನ ಮೇಲೆ ಯಾವತ್ತೂ ಬಂದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಕಳ್ಳಿಯನ್ನೂ ಮಂತ್ರವಾದಿಯನ್ನೂ ಗೋಡೆನುಂಗ ಮೂಲೆಗೆ ಒತ್ತಿತ್ತು. ಇಬ್ಬರಿಗೂ ಮೈತುಂಬ ಗಾಯ. ಪ್ರೇತವೊಂದು ಹೋಗಿ ಹಿಂದಿನಿಂದ ಹಿಡಿದರೆ ಬದುಕುತ್ತಾರೆ. ನಡುವೆ ಇರುವುದು ಕೋಟೆಯ ತಳಗೋಡೆ, ಅರ್ಧ ನಡಿಗೆಯಲ್ಲಿ ಒಂದೇ ಸರದಿಗೆ ದಾಟಲಾಗದಷ್ಟು ದಪ್ಪ. ಹೊಕ್ಕರೆ ಒಳಗೇ ಸರದಿ ಮುಗಿಯುತ್ತದೆ. ಮುಗಿದರೆ ನಾಶ, ಮತ್ತೆ ಯಾವ ರೂಪದಲ್ಲೂ ಆಟಕ್ಕಿಲ್ಲ.

ಮಗಳು ಪೆನ್ಸಿಲ್ ಕೆಳಗಿಟ್ಟಳು. "ಆ ನಾಶದ ನಿಯಮ ಹಿಂದಕ್ಕೆ ತಗೊಂಡುಬಿಡಿ," ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ತಪ್ಪು ಅಂತ ಒಂದು ಮಾತು ಅಂದ್ರೆ ಸಾಕು. ಪುಸ್ತಕದಲ್ಲಿರೋದೇ ಉಳಿಯುತ್ತೆ. ಸ್ವಲ್ಪ ಗಾಯ ಆಗುತ್ತೆ, ಆಚೆ ಹೋಗಿ ಬೀಳ್ತೀರಿ, ಅಷ್ಟೇ."

"ಹೇಳಿಬಿಡಿ ಸರ್," ಎಂದಳು ನರ್ಸಮ್ಮ. "ನನಗೂ ಬದುಕೋ ಆಸೆ ಇದೆ."

"ನಾವ್ಯಾರೂ ಹೊರಗೆ ಹೇಳಲ್ಲ ಯಜಮಾನ್ರೇ," ಎಂದ ಡ್ರೈವರ್.

ಬಾಗಿಲಯ್ಯ ಬಾಯಿ ತೆರೆದ. ತಪ್ಪು ಎನ್ನುವ ಪದ ಅವನಿಗೆ ಹೊಸದೇನಲ್ಲ. ದಿನಕ್ಕೆ ಹತ್ತಾರು ಸಲ ಬೇರೆಯವರ ಬಗ್ಗೆ ಸಲೀಸಾಗಿ ಬಳಸುತ್ತಿದ್ದ. ಅದಕ್ಕೆ 'ನನ್ನ' ಎಂದು ಸೇರಿಸುವುದು ಮಾತ್ರ ರೂಢಿಯಿರಲಿಲ್ಲ. ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು. ಮಗಳು ನೋಡುತ್ತಿದ್ದಳು. ಎಷ್ಟೋ ದಿನಗಳಿಂದ ಅವಳು ಅಷ್ಟು ಹೊತ್ತು ಅವನನ್ನು ನೋಡಿರಲಿಲ್ಲ. ಇದು ನಿಯಮದ ಮಾತೊಂದೇ ಅಲ್ಲ ಎಂಬುದು ಮರದ ಹಲಗೆಗೂ ತಿಳಿಯುವಂತಿತ್ತು. ಬಾಗಿಲಯ್ಯನಿಗೂ ತಿಳಿಯಿತು. ತಿಳಿದದ್ದರಿಂದಲೇ ತೆರೆದ ಬಾಯಿ ಮುಚ್ಚಿದ. ಇದನ್ನು ಒಪ್ಪಿದರೆ ಅದನ್ನೂ ಒಪ್ಪಿದಂತೆ. ಬಚ್ಚಲ ಬಾಗಿಲು, ಸ್ಕ್ರೂಡ್ರೈವರ್, ಮುಲಾಜಿಗೆ ನಕ್ಕ ಆ ಮನೆಯವರು, ಎಲ್ಲ.

"ನಿಯಮ ಸರಿಯಾಗೇ ಇದೆ," ಎಂದ.

ಮಗಳು ಪೆನ್ಸಿಲ್ ಮತ್ತೆ ಕೈಗೆತ್ತಿಕೊಂಡಳು.

"ಈಗ ನೀವೇನು ಮಾಡ್ತೀರಿ?" ಎಂದಳು ಮಗಳು.

ಏನೂ ಮಾಡದೆ ಆ ನೀರಿನ ಕೋಣೆಯಲ್ಲೇ ತೇಲಿಕೊಂಡಿದ್ದರೂ ಅವನ ಕುರ್ಚಿ ಉಳಿಯುತ್ತಿತ್ತು. ಮೂರ್ಖನಿಗೂ ಹೊಳೆಯುವ ಉಪಾಯ ಅದು. ಆದರೆ ತನ್ನ ನಿಯಮಕ್ಕೆ ತಾನೇ ಹೆದರಿ ಮೂಲೆ ಹಿಡಿದ ಎಂದು ಡ್ರೈವರನಂಥವನು ನಗುವುದೇ? ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು.

"ಗೋಡೆ ಒಳಗೆ ಹೋಗ್ತೀನಿ," ಎಂದ ಬಾಗಿಲಯ್ಯ. ತಾನೇ ಕೈಯಾರೆ ಬೊಂಬೆಯನ್ನು ನಕ್ಷೆಯ ದಪ್ಪ ಗೆರೆಯ ಮೇಲಿಟ್ಟ.

ಮಗಳು ಸ್ವಲ್ಪ ಹೊತ್ತು ಕಾದಳು. ಆಮೇಲೆ, "ಸರದಿ ಮುಗೀತು," ಎಂದು ಬೊಂಬೆಯನ್ನು ಎತ್ತಿ ಡಬ್ಬಿಗೆ ಹಾಕಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಬಾಗಿಲಯ್ಯನಿಗೆ ತಿರುಗಿ ಹೇಳಲು ಒಂದು ಮಾತು ಸಿಗುತ್ತಿತ್ತು.

ಆಟ ಮುಂದುವರಿಯಿತು. ಎದ್ದು ಹೋಗು ಎಂದು ಅವನಿಗೆ ಯಾರೂ ಹೇಳಲಿಲ್ಲ, ಅವನಾಗಿ ಏಳಲೂ ಇಲ್ಲ. ಮಗಳು ನರ್ಸಮ್ಮನನ್ನು ಕೇಳಿದಳು, ನರ್ಸಮ್ಮ ಏನೋ ಹೇಳಿ ದಾಳ ಹಾಕಿದಳು. ಡ್ರೈವರನನ್ನು ಕೇಳಿದಳು. ಅವನು ಉರಿಯುವ ಪಂಜೊಂದನ್ನು ಎಸೆದ, ಭೂತ ಹಿಂದೆ ಸರಿಯಿತು, ಇಬ್ಬರೂ ಹೇಗೋ ಬದುಕಿಕೊಂಡರು. ಬಾಗಿಲಯ್ಯನ ನೆರವೇ ಬೇಕಿರಲಿಲ್ಲ. ಮಗಳು ಕಥೆ ಹೇಳುತ್ತಿದ್ದಳು, ಕೈ ಆಡಿಸುತ್ತ, ಒಮ್ಮೆ ಪಿಸುಗುಟ್ಟಿ ಒಮ್ಮೆ ದನಿ ಏರಿಸಿ. ಎಷ್ಟು ಚೆನ್ನಾಗಿ ಹೇಳುತ್ತಾಳೆ ಇವಳು, ಎಂದು ಅವನಿಗೆ ಮೊದಲ ಬಾರಿಗೆ ಅನಿಸಿತು. ಇಷ್ಟು ದಿನ ಅವಳ ಮಾತಿನಲ್ಲಿ ತಪ್ಪು ಹುಡುಕುವುದರಲ್ಲಿ ಅವನು ಮಾತನ್ನೇ ಕೇಳಿರಲಿಲ್ಲ.

ಸುತ್ತು ಮತ್ತೆ ಬಂತು. ನರ್ಸಮ್ಮ ದಾಳ ಹಾಕಿ ಮುಗಿಸಿದಳು. ಮಗಳು ವಾರವಾರದ ಅಭ್ಯಾಸಬಲದಿಂದ ನಕ್ಷೆಯಿಂದ ತಲೆ ಎತ್ತಿ ಅಪ್ಪನ ಕಡೆ ತಿರುಗಿದಳು. "ಈಗ" ಎಂದವಳು ತಡೆದಳು. ಮೇಜಿನ ಮೇಲೆ ಅವನ ಬೊಂಬೆ ಇರಬೇಕಾದ ಜಾಗ ನೋಡಿದಳು. ಮುಖ ತಿರುಗಿಸಿ ಡ್ರೈವರನನ್ನು ಕೇಳಿದಳು.

ಬಾಗಿಲಯ್ಯ ಈ ಸಲ ಉತ್ತರ ಸಿದ್ಧಮಾಡಿಕೊಂಡು ಕೂತಿದ್ದ. ಕೇಳಿದ್ದರೆ, ತಪ್ಪು ನನ್ನದೇ ಎಂದು ಹೇಳಿಬಿಡುತ್ತಿದ್ದ.